ತೊನ್ನು, ಕೋಡ, ಕುಷ್ಠ: ಗಡಿನಾಡಿನ ಹೆಸರುಗಳು ಮತ್ತು ವರ್ಣನಷ್ಟದ ವ್ಯಾಧಿಗಳು

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಹಾರೂಗೇರಿಯೂ ಅದರ ಸುತ್ತಣ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲೂಕುಗಳೂ ಕನ್ನಡ ಮತ್ತು ಮರಾಠಿಗಳು ಶತಮಾನಗಳಿಂದ ಒಂದೇ ಅಂಗಳದಲ್ಲಿ ಬಾಳಿಕೊಂಡು ಬಂದಿರುವ ಸೀಮೆ. ರಾಯಬಾಗವು ಸ್ವಾತಂತ್ರ್ಯಪೂರ್ವದಲ್ಲಿ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಡೀ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಇಲ್ಲಿನ ಜನರು ಔಷಧೋಪಚಾರಕ್ಕೆ ಬೆಳಗಾವಿಗೆ ಹೋಗುವಷ್ಟೇ ಸಹಜವಾಗಿ ಮೀರಜಕ್ಕೂ ಹೋಗುತ್ತಾರೆ. ಆದ್ದರಿಂದ ರೋಗಗಳ ಹೆಸರುಗಳು ಈ ಸೀಮೆಯಲ್ಲಿ ಎರಡೂ ಭಾಷೆಗಳಿಂದ ಬಂದು ಸೇರುತ್ತವೆ. ಚರ್ಮದ ಮೇಲೆ ಮೂಡುವ ಹಾಲುಬಿಳುಪಿನ ಕಲೆಗೆ ಕನ್ನಡದಲ್ಲಿ ತೊನ್ನು, ಮರಾಠಿಯಲ್ಲಿ ಕೋಡ. ಓದಿದವರು ಆಡುವ ಮಾತು ಶ್ವೇತಕುಷ್ಠ. ಆಸ್ಪತ್ರೆಯ ಚೀಟಿಯಲ್ಲಿ ಕಾಣುವುದು ಲ್ಯೂಕೋಡರ್ಮ ಅಥವಾ ವಿಟಿಲಿಗೊ. ಒಂದೇ ಕಲೆಗೆ ಇಷ್ಟು ಹೆಸರುಗಳಿರುವುದು ಭಾಷಾಸಮೃದ್ಧಿಯ ಗುರುತೆಂದು ತೋರಬಹುದು. ಆದರೆ ಈ ಹೆಸರುಗಳಲ್ಲಿ ಕೆಲವು ರೋಗಿಗೆ ಕಲೆಗಿಂತ ಹೆಚ್ಚಿನ ಹಾನಿಯನ್ನು ಮಾಡಿವೆ.

ಮರಾಠಿಯ ಕೋಡ ಎಂಬ ಪದವು ಸಂಸ್ಕೃತದ ಕುಷ್ಠದಿಂದ ಪ್ರಾಕೃತದ ಮೂಲಕ ಇಳಿದು ಬಂದುದು. ಅದೇ ಮೂಲದಿಂದ ಬಂದ ಹಿಂದಿಯ ಕೋಢ ಎಂಬುದು ಸೂಕ್ಷ್ಮಾಣುವಿನಿಂದ ಉಂಟಾಗುವ ಕುಷ್ಠರೋಗವನ್ನು ಹೇಳುತ್ತದೆ. ಮರಾಠಿಯಲ್ಲಿ ಮಾತ್ರ ಅದು ಬಿಳಿ ಕಲೆಯ ಹೆಸರಾಗಿ ನಿಂತಿತು, ಕುಷ್ಠಕ್ಕೆ ಮಹಾರೋಗ ಎಂಬ ಬೇರೆ ಹೆಸರು ಬಂದಿತು. ಕನ್ನಡದ ತೊನ್ನು ಸಹ ಹಳೆಯ ಬಳಕೆಯಲ್ಲಿ ಎರಡೂ ಅರ್ಥಗಳನ್ನು ಹೊತ್ತಿದ್ದ ಪದ; ತೊನ್ನ ಎಂಬುದು ಬೈಗುಳವಾಗಿಯೂ ಸಲ್ಲುತ್ತಿತ್ತು. ಹೀಗೆ ಅಂಟುರೋಗವಲ್ಲದ, ನೋವಿಲ್ಲದ, ಪ್ರಾಣಕ್ಕೆ ಎರವಾಗದ ಒಂದು ಬಿಳುಪಿಗೆ, ಸಮಾಜವು ಊರ ಹೊರಗಿಟ್ಟಿದ್ದ ಇನ್ನೊಂದು ರೋಗದ ಹೆಸರಿನ ನೆರಳು ಎರಡೂ ಭಾಷೆಗಳಲ್ಲಿ ಬಿದ್ದಿದೆ. ವೈದ್ಯರು ಸಮಾಧಾನ ಹೇಳಲೆಂದು ಶ್ವೇತಕುಷ್ಠ ಎಂಬ ಸಂಸ್ಕೃತ ಪದವನ್ನು ಬಳಸಿದರೂ ಕೇಳುವವರ ಕಿವಿಯಲ್ಲಿ ಉಳಿಯುವುದು ಅದರ ಉತ್ತರಪದವೇ.

ವಿಚಿತ್ರವೆಂದರೆ ಈ ಎರಡರ ನಡುವಣ ಭೇದವು ಪ್ರಾಚೀನರಿಗೆ ತಿಳಿಯದಿದ್ದುದಲ್ಲ. ಅಥರ್ವವೇದದ ಮೊದಲ ಕಾಂಡದ 23 ಮತ್ತು 24ನೆಯ ಸೂಕ್ತಗಳು ಕಿಲಾಸ ಎಂಬ ಬಿಳಿ ಕಲೆಯನ್ನು ಹೋಗಲಾಡಿಸುವುದಕ್ಕಾಗಿಯೇ ಇವೆ. ಅಲ್ಲಿ ಕಿಲಾಸದ ಜೊತೆಗೆ ಪಲಿತವನ್ನು, ಎಂದರೆ ಕೂದಲಿನ ನರೆಯನ್ನೂ ಹೇಳಿರುವುದು ಗಮನಾರ್ಹ. ಚರ್ಮದ ಬಣ್ಣವೂ ಕೂದಲಿನ ಬಣ್ಣವೂ ಒಂದೇ ಸಂಗತಿಯ ಎರಡು ಮುಖಗಳೆಂಬ ಅರಿವು ಅದರಲ್ಲಿದೆ. ಕಪ್ಪು ಬಣ್ಣವನ್ನು ಕೊಡಬಲ್ಲ ಮೂಲಿಕೆಗಳನ್ನು ಅಲ್ಲಿ ಸಂಬೋಧಿಸಲಾಗಿದೆ. ಅವುಗಳಲ್ಲಿ ರಜನಿ ಎಂಬುದೊಂದು. ನಂತರದ ನಿಘಂಟುಗಳಲ್ಲಿ ಈ ಹೆಸರು ಅರಿಶಿನಕ್ಕೆ ಸಲ್ಲುತ್ತದೆ. ರಾಯಬಾಗ ಸೀಮೆಯ ಹೊಲಗಳಲ್ಲಿ ಕಬ್ಬಿನ ಮಗ್ಗುಲಲ್ಲಿಯೇ ಬೆಳೆಯುವ ಅರಿಶಿನವೇ ವೇದಕಾಲದ ರಜನಿಯೂ ಹೌದೆಂದು ಮಾತ್ರ ಖಂಡಿತವಾಗಿ ಹೇಳಲಾಗದು.

ಸುಶ್ರುತಸಂಹಿತೆಯ ನಿದಾನಸ್ಥಾನವು ಇನ್ನೂ ಸ್ಪಷ್ಟ. ಕಿಲಾಸವನ್ನು ಕುಷ್ಠದ ಪ್ರಕರಣದಲ್ಲಿಯೇ ಹೇಳಿದರೂ ಅದು ಚರ್ಮಕ್ಕಷ್ಟೇ ಸೀಮಿತವಾದುದು, ಸ್ರಾವವಿಲ್ಲದುದು ಎಂದು ಸುಶ್ರುತನು ಎರಡನ್ನೂ ಬೇರ್ಪಡಿಸುತ್ತಾನೆ. ಆಯುರ್ವೇದದ ಕುಷ್ಠ ಎಂಬುದೇ ಹದಿನೆಂಟು ಬಗೆಯ ಚರ್ಮವ್ಯಾಧಿಗಳನ್ನು ಒಳಗೊಂಡ ದೊಡ್ಡ ಗುಂಪು. ಇಂದು ಕುಷ್ಠವೆನ್ನುವ, 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಸೂಕ್ಷ್ಮಾಣುವನ್ನು ಗುರುತಿಸಿದ ರೋಗವು ಅದರೊಳಗಿನ ಒಂದಂಶ ಮಾತ್ರ. ವಾಗ್ಭಟನು ಸಾಧ್ಯಾಸಾಧ್ಯ ವಿಚಾರದಲ್ಲಿ ಇನ್ನೂ ಮುಂದೆ ಹೋಗಿ, ಕಲೆಯ ಮೇಲಿನ ಕೂದಲು ಬೆಳ್ಳಗಾಗದೆ ಉಳಿದಿದ್ದರೆ ಗುಣವಾಗುವುದೆಂದೂ, ಗುಹ್ಯ, ಅಂಗೈ, ತುಟಿಗಳಲ್ಲಿ ಮೂಡಿದ್ದು ಹೊಸದಾದರೂ ಕೈಬಿಡತಕ್ಕದ್ದೆಂದೂ ಹೇಳುತ್ತಾನೆ. ಈ ಎರಡು ಮಾತುಗಳ ಹಿಂದಿನ ಕಾರಣ ತಿಳಿಯಲು ವೈದ್ಯಶಾಸ್ತ್ರಕ್ಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಬೇಕಾಯಿತು.

ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಎಳೆಯೂ ಇದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಕಿಲಾಸದ ಕಾರಣಗಳನ್ನು ಎಣಿಸುವಾಗ ಸುಳ್ಳು ಹೇಳುವುದು, ಕೃತಘ್ನತೆ, ದೇವನಿಂದೆ, ಗುರುಗಳನ್ನು ಅವಮಾನಿಸುವುದು, ಪಾಪಕಾರ್ಯ, ಪೂರ್ವಜನ್ಮದ ಕರ್ಮ, ವಿರುದ್ಧಾಹಾರ ಇವುಗಳನ್ನು ಹೇಳುತ್ತದೆ. ಕರ್ನಾಟಕದ ಅನೇಕ ಕಡೆ ಇಂದಿಗೂ ಕೇಳಿಬರುವ ನಾಗದೋಷದ ಮಾತು, ಹಾಲು-ಮೀನು ಒಟ್ಟಿಗೆ ತಿಂದರೆ ತೊನ್ನು ಬರುವುದೆಂಬ ನಂಬಿಕೆ, ಹುಳಿ ಬಿಡಿಸುವ ಪಥ್ಯ ಇವೆಲ್ಲ ಈ ಎಳೆಗೇ ಸಮೀಪದವು. ಲೋಕವು ಸುಶ್ರುತನ ಭೇದವನ್ನು ಮರೆತು ಚರಕನ ದೋಷಾರೋಪವನ್ನು ಉಳಿಸಿಕೊಂಡಿತೆಂದರೆ ತಪ್ಪಾಗದು. ಮೀನು, ಹಾಲು, ಹುಣಸೆಹಣ್ಣು ಯಾವುದೂ ತೊನ್ನಿಗೆ ಕಾರಣವೆಂಬುದಕ್ಕೆ ಆಧಾರವಿಲ್ಲ.

ಬಿಳುಪನ್ನು ಅರಿಯಲು ಮೊದಲು ಬಣ್ಣ ಹೇಗೆ ಬರುತ್ತದೆಂಬುದನ್ನು ನೋಡಬೇಕು. ಭ್ರೂಣದಲ್ಲಿ ನರಮಂಡಲವು ರೂಪುಗೊಳ್ಳುವ ಅಂಚಿನಿಂದ ಹೊರಟ ವರ್ಣಕೋಶಗಳು ದೇಹದ ಉದ್ದಗಲಕ್ಕೂ ವಲಸೆ ಹೋಗಿ ಹೊರಚರ್ಮದ ತಳದ ಪದರದಲ್ಲಿಯೂ ರೋಮಕೂಪಗಳಲ್ಲಿಯೂ ಕಣ್ಣಿನಲ್ಲಿಯೂ ಒಳಗಿವಿಯಲ್ಲಿಯೂ ನೆಲೆಗೊಳ್ಳುತ್ತವೆ. ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನೇಸ್ ಎಂಬ ಕಿಣ್ವದ ನೆರವಿನಿಂದ ಹಂತಹಂತವಾಗಿ ಮೆಲನಿನ್ ಆಗಿ ಮಾರ್ಪಡಿಸುವುದು ಅವುಗಳ ಕೆಲಸ. ಹೀಗೆ ತಯಾರಾದ ಬಣ್ಣದ ಕಣಗಳನ್ನು ಪ್ರತಿಯೊಂದು ವರ್ಣಕೋಶವೂ ತನ್ನ ಟಿಸಿಲುಗಳ ಮೂಲಕ ಸುತ್ತಲಿನ ಸುಮಾರು 36 ಚರ್ಮಕೋಶಗಳಿಗೆ ಹಂಚುತ್ತದೆ. ಕಪ್ಪು ಮೈಯವನಲ್ಲಿಯೂ ಬಿಳಿ ಮೈಯವನಲ್ಲಿಯೂ ವರ್ಣಕೋಶಗಳ ಸಂಖ್ಯೆ ಬಹುಮಟ್ಟಿಗೆ ಸಮವೇ. ವ್ಯತ್ಯಾಸವಿರುವುದು ಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆಯಲ್ಲಿ. ಕೋಶಗಳೇ ಅಳಿದರೆ ಒಂದು ಬಗೆಯ ಬಿಳುಪು. ಕೋಶಗಳಿದ್ದೂ ಬಣ್ಣ ತಯಾರಾಗದಿದ್ದರೆ ಇನ್ನೊಂದು ಬಗೆ. ಹುಟ್ಟುವ ಮೊದಲೇ ವಲಸೆ ತಪ್ಪಿದರೆ ಮತ್ತೊಂದು ಬಗೆ. ಹೊರಗಿನಿಂದ ನೋಡುವ ಕಣ್ಣಿಗೆ ಎಲ್ಲವೂ ಬಿಳುಪೇ.

ತೊನ್ನು ಮೊದಲ ಬಗೆಗೆ ಸೇರಿದ್ದು. ಜಗತ್ತಿನ ಜನಸಂಖ್ಯೆಯಲ್ಲಿ ನೂರಕ್ಕೆ 0.5ರಿಂದ 2ರಷ್ಟು ಜನರಿಗೆ ಅದು ಇದೆಯೆಂದು ಅಂದಾಜು. ಅರ್ಧದಷ್ಟು ಜನರಲ್ಲಿ ಇಪ್ಪತ್ತು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ವರ್ಣಕೋಶಗಳನ್ನು ಪರಕೀಯವೆಂದು ಭಾವಿಸಿ ಕೊಲ್ಲುತ್ತದೆ. ಸಿಡಿ-8 ಎಂಬ ಬಗೆಯ ಬಿಳಿರಕ್ತಕಣಗಳು ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶವಸ್ತುವನ್ನು ಸೂಸಿ ತಮ್ಮಂಥ ಇನ್ನಷ್ಟು ಕಣಗಳನ್ನು ಕಲೆಯ ಅಂಚಿಗೆ ಕರೆಯುತ್ತವೆಂಬುದು ಈಚಿನ ಎರಡು ದಶಕಗಳ ಸಂಶೋಧನೆಯಿಂದ ದೃಢಪಟ್ಟಿದೆ. ಥೈರಾಯಿಡ್ ಗ್ರಂಥಿಯ ಸ್ವಯಂನಿರೋಧಕ ವ್ಯಾಧಿಗಳು ಇಂಥವರಲ್ಲಿ ಇತರರಿಗಿಂತ ಹೆಚ್ಚಾಗಿ ಕಾಣುತ್ತವೆ. ಗಾಯವಾದ, ತೀಡಿದ, ಬಿಗಿಯಾದ ಉಡುಪು ಒತ್ತಿದ ಜಾಗದಲ್ಲಿ ಹೊಸ ಕಲೆ ಮೂಡುವುದುಂಟು. ದೇಹದ ಎರಡೂ ಪಾರ್ಶ್ವಗಳಲ್ಲಿ ಸಮನಾಗಿ ಹಬ್ಬುವ ಬಗೆಯೂ, ಒಂದೇ ಪಾರ್ಶ್ವದಲ್ಲಿ ಮೂಡಿ ಕೆಲವು ತಿಂಗಳು ಹರಡಿ ನಿಂತುಬಿಡುವ ಬಗೆಯೂ ಬೇರೆಬೇರೆ ಎಂದು ತಜ್ಞರು ಒಪ್ಪಿದ್ದಾರೆ.

ವಂಶಪಾರಂಪರ್ಯದ ಪ್ರಶ್ನೆ ಮದುವೆಯ ಮಾತುಕತೆಯಲ್ಲಿ ಎಲ್ಲಕ್ಕಿಂತ ಮೊದಲು ಏಳುವಂಥದು. ಪಾಶ್ಚಾತ್ಯ ಕುಟುಂಬಗಳನ್ನು ಕುರಿತು 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಆರು ಜನರಿಗೆ ಮಾತ್ರ ತೊನ್ನು ಕಂಡುಬಂದಿತು. ಒಂದೇ ಭ್ರೂಣದಿಂದ ಬೇರ್ಪಟ್ಟ, ಜೀನ್‌ಗಳೆಲ್ಲ ಸಮನಾಗಿರುವ ಅವಳಿಗಳಲ್ಲಿ ಸಹ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬಂದದ್ದು ನೂರಕ್ಕೆ 23 ಜೋಡಿಗಳಲ್ಲಿ. ಮನೆತನದಲ್ಲಿ ಇಳಿದುಬರುವುದು ರೋಗವಲ್ಲ, ಅದಕ್ಕೆ ಒಳಗಾಗುವ ಒಲವು ಎಂಬುದು ಇದರ ಅರ್ಥ.

ಈಗ ವಾಗ್ಭಟನ ಕೂದಲಿಗೆ ಮರಳಬಹುದು. ರೋಮಕೂಪದ ಒಂದು ಉಬ್ಬಿನಲ್ಲಿ ವರ್ಣಕೋಶಗಳ ಮೂಲಕೋಶಗಳು ಅಡಗಿರುತ್ತವೆ. ಹೊರಚರ್ಮದ ವರ್ಣಕೋಶಗಳೆಲ್ಲ ಅಳಿದ ಮೇಲೂ ಇವು ಬಹುಕಾಲ ಉಳಿದಿರುತ್ತವೆ. ಚಿಕಿತ್ಸೆ ಫಲಿಸಿದಾಗ ಇಲ್ಲಿಂದಲೇ ಹೊಸ ಕೋಶಗಳು ಮೇಲೆ ಹತ್ತಿ ಬರುತ್ತವೆ. ಬಿಳಿ ಕಲೆಯ ನಡುವೆ ಒಂದೊಂದು ಕೂದಲಿನ ಬುಡದಲ್ಲಿಯೂ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡಿ, ದಿನ ಕಳೆದಂತೆ ಅಗಲವಾಗಿ ಕೂಡಿಕೊಳ್ಳುವುದನ್ನು ರೋಗಿಗಳೇ ನೋಡಿರುತ್ತಾರೆ. ಕಲೆಯ ಕೂದಲೂ ಬೆಳ್ಳಗಾಯಿತೆಂದರೆ ಆ ಉಗ್ರಾಣ ಬರಿದಾಯಿತೆಂದೇ ತಿಳಿಯಬೇಕು. ಅಂಗೈ, ಬೆರಳ ತುದಿ, ತುಟಿಗಳಲ್ಲಿ ರೋಮಕೂಪಗಳೇ ಇಲ್ಲ. ಆದ್ದರಿಂದ ಅಲ್ಲಿಯ ಬಿಳುಪು ಔಷಧಕ್ಕೆ ಬಗ್ಗುವುದು ವಿರಳ.

ಹಾಗಾದರೆ ಕುಷ್ಠದ ಕಲೆಯನ್ನು ಇದರಿಂದ ಬೇರ್ಪಡಿಸುವ ಬಗೆ ಯಾವುದು? ಕುಷ್ಠದ ಕಲೆ ಎಂದೂ ಹಾಲಿನಂತೆ ಬೆಳ್ಳಗಾಗುವುದಿಲ್ಲ; ಅದು ಮೈಬಣ್ಣಕ್ಕಿಂತ ಮಸುಕಾಗಿ ಅಥವಾ ತುಸು ಕೆಂಪಾಗಿ ಕಾಣುತ್ತದೆ. ಅಲ್ಲಿ ಸ್ಪರ್ಶದ ಅರಿವು ಕುಂದಿರುತ್ತದೆ, ಬೆವರು ಕಡಿಮೆಯಾಗಿರುತ್ತದೆ, ಕೂದಲು ಉದುರಿರುತ್ತದೆ. ತೊನ್ನಿನಲ್ಲಿ ಸ್ಪರ್ಶ, ಶಾಖ, ನೋವು ಎಲ್ಲವೂ ಮೊದಲಿನಂತೆಯೇ. ರೋಗಿಯು ಕಣ್ಣು ಮುಚ್ಚಿರುವಾಗ ಹತ್ತಿಯ ಎಳೆಯಿಂದ ಕಲೆಯನ್ನು ಸೋಕಿಸಿ, ಸೋಕಿದ ಜಾಗವನ್ನು ಬೆರಳಿಟ್ಟು ತೋರಿಸೆಂದು ಕೇಳಿದರೆ ಸಾಕು, ಬಹುಪಾಲು ಸಂದೇಹ ಅಲ್ಲಿಯೇ ಬಗೆಹರಿಯುತ್ತದೆ. ಬೆಳಗಾವಿಯ ಹಿಂಡಲಗಾ ಮತ್ತು ಮೀರಜದ ರಿಚರ್ಡ್‌ಸನ್ ಕುಷ್ಠರೋಗ ಆಸ್ಪತ್ರೆಗಳು ಈ ಸೀಮೆಯ ಎರಡು ಮಗ್ಗುಲಲ್ಲಿ ಸ್ಥಾಪನೆಗೊಂಡವು; ಕಲೆ ಕಂಡೊಡನೆ ಅವುಗಳ ಹೆಸರು ನೆನಪಾಗಿ ಜನರು ಹೆದರುವುದು ಸ್ವಾಭಾವಿಕ. ಇನ್ನೊಂದು ಕಡೆ, ನಿಜವಾದ ಕುಷ್ಠದ ಮಸುಕು ಕಲೆಯನ್ನು ತೊನ್ನೆಂದೋ ಚಿಬ್ಬೆಂದೋ ಭಾವಿಸಿ ಸುಮ್ಮನಿದ್ದು ಕೈಕಾಲುಗಳ ನರಗಳನ್ನು ಕಳೆದುಕೊಳ್ಳುವುದೂ ಇದೇ ಹೆಸರುಗಳ ಗೊಂದಲದ ಇನ್ನೊಂದು ಫಲ. ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳಿಂದ ಒಂದು ವರ್ಷದೊಳಗೆ ಕುಷ್ಠ ಗುಣವಾಗುತ್ತದೆ ಎಂಬುದನ್ನು ನೆನೆದರೆ ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಸಣ್ಣದಲ್ಲ.

ಚಿಬ್ಬು ಒಂದು ಬಗೆಯ ಶಿಲೀಂಧ್ರದಿಂದ ಬರುವುದು. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ಮಕ್ಕಳ ಕೆನ್ನೆಯ ಮೇಲೆ ಮೂಡುವ ಮಸುಕಾದ ಒಣ ಕಲೆಗಳು ಹೆಚ್ಚಾಗಿ ತಾವೇ ಮಾಯುತ್ತವೆ. ಇವೆರಡೂ ತೊನ್ನಲ್ಲ.

ಈ ಸೀಮೆಯಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಹೊರಗಿನ ವಸ್ತುಗಳಿಂದ ಬರುವ ಬಿಳುಪು. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈಗಳು ಅವರು ತೊಟ್ಟಿದ್ದ ರಬ್ಬರ್ ಕೈಗವಸಿನ ಅಳತೆಗೆ ಸರಿಯಾಗಿ ಬೆಳ್ಳಗಾದ ಸಂಗತಿಯನ್ನು ವೈದ್ಯರು ವರದಿ ಮಾಡಿದರು. ರಬ್ಬರ್ ಬೇಗ ಹಾಳಾಗದಿರಲೆಂದು ಬೆರೆಸಿದ್ದ ಹೈಡ್ರೋಕ್ವಿನೋನ್‌ನ ಮೊನೊಬೆಂಜೈಲ್ ಈಥರ್ ಎಂಬ ರಾಸಾಯನಿಕ ಅದಕ್ಕೆ ಕಾರಣವಾಗಿತ್ತು. ಇದರ ರಚನೆ ಟೈರೋಸಿನ್ನಿನ ರಚನೆಯನ್ನು ಹೋಲುತ್ತದೆ; ವರ್ಣಕೋಶವು ಅದನ್ನೇ ಬಣ್ಣದ ಕಚ್ಚಾವಸ್ತುವೆಂದು ತೆಗೆದುಕೊಂಡು ವಿಷವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮುಂದೆ, ಮೈಯೆಲ್ಲ ಬೆಳ್ಳಗಾಗಿ ಅಲ್ಲಲ್ಲಿ ಮಾತ್ರ ಬಣ್ಣ ಉಳಿದವರಿಗೆ ಆ ಉಳಿದ ಬಣ್ಣವನ್ನೂ ತೆಗೆಯಲು ಇದೇ ವಸ್ತು ಔಷಧವಾಯಿತು.

ಇದೇ ಬಳಗದ ಪ್ಯಾರಾ-ಟರ್ಷಿಯರಿ ಬ್ಯುಟೈಲ್‌ಫಿನಾಲ್ ಎಂಬುದು ಅಂಟುಗಳಲ್ಲಿ ಇರುತ್ತದೆ. ಕುಂಕುಮದ ಜಾಗಕ್ಕೆ ಅಂಟಿಸುವ ಟಿಕಳಿ ಬಂದ ಮೇಲೆ ಹೆಂಗಸರ ಹಣೆಯ ನಡುವೆ ಟಿಕಳಿಯಷ್ಟೇ ಅಗಲದ ಬಿಳಿ ಚುಕ್ಕೆ ಕಾಣಿಸಿಕೊಳ್ಳತೊಡಗಿತು. 1990ರಲ್ಲಿ ಅಲಹಾಬಾದಿನ ಚರ್ಮವೈದ್ಯ ಎ.ಕೆ. ಬಜಾಜ್ ಮತ್ತು ಸಂಗಡಿಗರು ಅದರ ಅಂಟಿನಲ್ಲಿದ್ದ ಈ ಫಿನಾಲನ್ನೇ ಕಾರಣವೆಂದು ತೋರಿಸಿಕೊಟ್ಟರು. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಹಳೆಯ ಕುಂಕುಮಕ್ಕೆ ಈ ದೋಷವಿರಲಿಲ್ಲ. ಚುಕ್ಕೆ ಕಂಡ ಹೆಂಗಸರು ಅದನ್ನು ಮರೆಮಾಡಲು ಇನ್ನೂ ದೊಡ್ಡ ಟಿಕಳಿ ಹಚ್ಚುತ್ತಾರೆ, ಬಿಳುಪು ಅದರ ಅಂಚಿನವರೆಗೆ ಬೆಳೆಯುತ್ತದೆ. ಹಣೆಯ ಮೇಲಿನ ಕಲೆಯನ್ನು ಕಂಡವರು ಕೋಡ ಎಂದುಬಿಡುತ್ತಾರೆ. ಬಳಕೆಯನ್ನು ಬೇಗ ನಿಲ್ಲಿಸಿದರೆ ಹಲವರಲ್ಲಿ ಬಣ್ಣ ಮರಳುತ್ತದೆ. ಎಲ್ಲರಲ್ಲೂ ಅಲ್ಲ.

ಪಾದದ ಮೇಲೆ ಹವಾಯಿ ಚಪ್ಪಲಿಯ ಬಾರಿನ ಆಕಾರದಲ್ಲಿಯೇ ಇಬ್ಬಗೆಯಾಗಿ ಹೊರಟ ಬಿಳಿ ಪಟ್ಟೆ ಇಂಥದೇ ಇನ್ನೊಂದು. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಮಾಡುವ ಚಪ್ಪಲಿಗೆ, ಕೊಲ್ಹಾಪುರಿ ಎಂಬ ಹೆಸರಿನಲ್ಲಿ, ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನು ಸೇರಿಸಿ 2019ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ತೊಗಲನ್ನು ಹದಗೊಳಿಸಿ, ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುವುದು ಅದರ ಸಾಂಪ್ರದಾಯಿಕ ಕ್ರಮ. ಆ ಕ್ರಮದಲ್ಲಿ ಕೃತಕ ಅಂಟಿಗೆ ಎಡೆಯಿಲ್ಲ. ಅಗ್ಗದ ರಬ್ಬರ್ ಚಪ್ಪಲಿ ಅದನ್ನು ಈ ಸೀಮೆಯ ಕಾಲುಗಳಿಂದಲೇ ಬಹುಮಟ್ಟಿಗೆ ತಳ್ಳಿಹಾಕಿದೆ ಎಂಬುದು ಬೇರೆ ಮಾತು.

ಹುಟ್ಟಿನಿಂದಲೇ ಬರುವ ಬಿಳುಪಿನ ಕಥೆ ಇವೆಲ್ಲಕ್ಕಿಂತ ಭಿನ್ನವಾದುದು. ಆಲ್ಬಿನಿಸಂ ಎನ್ನುವ ವರ್ಣಹೀನತೆಯಲ್ಲಿ ವರ್ಣಕೋಶಗಳು ತಮ್ಮ ಜಾಗದಲ್ಲಿಯೇ ಇರುತ್ತವೆ. ಟೈರೋಸಿನೇಸ್ ಕಿಣ್ವವೋ ಬಣ್ಣದ ಕಣದ ಇನ್ನೊಂದು ಪ್ರೋಟೀನೋ ದೋಷಯುಕ್ತವಾಗಿರುವುದರಿಂದ ಮೆಲನಿನ್ ಮಾತ್ರ ತಯಾರಾಗುವುದಿಲ್ಲ. ಮೈ, ಕೂದಲು, ರೆಪ್ಪೆ ಎಲ್ಲವೂ ಬೆಳ್ಳಗಿರುತ್ತವೆ. ಕಣ್ಣಾಲಿಗಳು ಅದುರುತ್ತವೆ, ಬೆಳಕು ಚುಚ್ಚುತ್ತದೆ, ದೃಷ್ಟಿ ಮಂದವಾಗಿರುತ್ತದೆ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1908ರ ತನ್ನ ಪ್ರಸಿದ್ಧ ಉಪನ್ಯಾಸಗಳಲ್ಲಿ ಹುಟ್ಟಿನಿಂದ ಬರುವ ರಾಸಾಯನಿಕ ದೋಷಗಳಿಗೆ ಉದಾಹರಣೆಯಾಗಿ ಎತ್ತಿಕೊಂಡ ನಾಲ್ಕರಲ್ಲಿ ಇದೂ ಒಂದು. ತಾಯಿತಂದೆಗಳಿಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಇದು ಪ್ರಕಟವಾಗುತ್ತದೆ; ಒಂದೇ ಪ್ರತಿ ಇದ್ದವರಿಗೆ ಅದರ ಸುಳಿವೂ ಇರುವುದಿಲ್ಲ.

ಇಲ್ಲಿ ಉತ್ತರ ಕರ್ನಾಟಕದ ಸೋದರಿಕೆಯ ಪದ್ಧತಿ ವಿಚಾರಕ್ಕೆ ಬರುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಅಣ್ಣನ ಮಗಳನ್ನು ಕೊಡುವುದು ಇಲ್ಲಿ ಹಕ್ಕಿನ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದಲ್ಲಿ ನಡೆದಂಥವು. ಬೆಂಗಳೂರು, ಮೈಸೂರುಗಳಲ್ಲಿ 1980-89ರ ಅವಧಿಯಲ್ಲಿ ಎ.ಎಚ್. ಬಿಟಲ್ಸ್ ಮತ್ತು ಎನ್. ಅಪ್ಪಾಜಿರಾವ್ ಅವರ ತಂಡವು ನಡೆಸಿದ ಅಧ್ಯಯನದಲ್ಲಿ ಅದು ಹತ್ತರಲ್ಲಿ ಮೂರರ ಆಸುಪಾಸಿನಲ್ಲಿತ್ತು. ಒಂದು ಲೆಕ್ಕ ಮಾಡಿ ನೋಡಬಹುದು. ವರ್ಣಹೀನತೆ ಸಾಮಾನ್ಯವಾಗಿ ಸುಮಾರು 20,000 ಹುಟ್ಟುಗಳಿಗೆ ಒಂದು ಎಂದು ಹಿಡಿದರೆ, ದೋಷವುಳ್ಳ ಜೀನ್‌ನ ಪ್ರಮಾಣ 140ಕ್ಕೆ ಒಂದು ಎಂದಾಗುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟುವ ಮಗುವಿನಲ್ಲಿ ಎರಡೂ ಪ್ರತಿಗಳು ಒಬ್ಬ ಪೂರ್ವಜನಿಂದಲೇ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ ಅಥವಾ ಸೋದರಮಾವನ ಮಕ್ಕಳ ನಡುವಣ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಅದರಂತೆ ಮೊದಲ ಬಗೆಯ ಮದುವೆಯಲ್ಲಿ ವರ್ಣಹೀನ ಮಗು ಹುಟ್ಟುವ ಸಂಭವ ಸುಮಾರು ಸಾವಿರಕ್ಕೆ ಒಂದು, ಎರಡನೆಯದರಲ್ಲಿ ಎರಡು ಸಾವಿರಕ್ಕೆ ಒಂದು. ಪರಕೀಯರ ನಡುವಣ ಮದುವೆಗಿಂತ ಮೊದಲನೆಯದು ಹದಿನೆಂಟು ಪಟ್ಟಿಗೂ ಹೆಚ್ಚು ಎನ್ನುವುದು ನಿಜ. ಸಾವಿರ ಮಕ್ಕಳಲ್ಲಿ 999 ಮಕ್ಕಳಿಗೆ ಅದು ಇರುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಸೋದರಿಕೆಯನ್ನು ಹಳಿಯುವವರು ಮೊದಲನೆಯದನ್ನೂ ಸಮರ್ಥಿಸುವವರು ಎರಡನೆಯದನ್ನೂ ಹೇಳುತ್ತಾರೆ. ಮನೆತನದಲ್ಲಿ ಈಗಾಗಲೇ ಇಂಥ ಮಗುವೊಂದು ಹುಟ್ಟಿದ್ದರೆ ಮಾತ್ರ ಈ ಸರಾಸರಿ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಆಗ ಆ ತಾಯಿತಂದೆಯರ ಪ್ರತಿಯೊಂದು ಮುಂದಿನ ಮಗುವಿಗೂ ಸಂಭವ ನಾಲ್ಕರಲ್ಲಿ ಒಂದು.

ಬಿಸಿಲಿನ ಸೀಮೆಯಲ್ಲಿ, ಕಬ್ಬಿನ ಗದ್ದೆಯ ಕೆಲಸದಲ್ಲಿ, ಮೆಲನಿನ್ ಇಲ್ಲದ ಚರ್ಮ ಬೇಗ ಸುಡುತ್ತದೆ. ವರ್ಷಗಳ ಬಿಸಿಲು ಚರ್ಮದ ಕ್ಯಾನ್ಸರಿಗೆ ದಾರಿಮಾಡುತ್ತದೆ. ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿಗೆ, ತಂಪು ಕನ್ನಡಕ, ಶಾಲೆಯಲ್ಲಿ ಮುಂದಿನ ಬೆಂಚು, ದೊಡ್ಡ ಅಕ್ಷರದ ಪುಸ್ತಕ, ಇವು ಯಾವ ಔಷಧಕ್ಕಿಂತಲೂ ಇಂಥ ಮಗುವಿಗೆ ಹೆಚ್ಚು ಬೇಕಾದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ವರ್ಣಹೀನತೆಯ ಹೆಸರಿಲ್ಲ. ಆದರೆ ಮಂದದೃಷ್ಟಿ ಇದೆ, ಆ ದಾರಿಯಿಂದ ಪ್ರಮಾಣಪತ್ರ ಪಡೆಯಲು ಅವಕಾಶವುಂಟು. ಇಂಥ ಮಗುವನ್ನೂ ತೊನ್ನಿನವನೆಂದೇ ಕರೆಯುವ ರೂಢಿಯಿಂದಾಗಿ ಮನೆಯವರು ಚರ್ಮದ ವೈದ್ಯರಲ್ಲಿಗೆ ಅಲೆಯುತ್ತಾರೆ, ಕಣ್ಣಿನ ವೈದ್ಯರಲ್ಲಿಗೆ ಹೋಗುವುದು ತಡವಾಗುತ್ತದೆ.

ಹುಟ್ಟಿನಿಂದಲೇ ಹಣೆಯ ಮೇಲೆ ಬಿಳಿ ಕೂದಲಿನ ಎಸಳು ಮತ್ತು ಮೈಮೇಲೆ ಬದಲಾಗದ ಬಿಳಿ ಪಟ್ಟೆಗಳಿರುವ ಪೀಬಾಲ್ಡಿಸಂ, ವರ್ಣಕೋಶಗಳ ವಲಸೆ ತಪ್ಪಿದ್ದರ ಫಲ; ಇದು ತಾಯಿ ಅಥವಾ ತಂದೆಯಿಂದ ನೇರವಾಗಿ ಇಳಿಯುತ್ತದೆ. ಅಂಥದೇ ಎಸಳಿನ ಜೊತೆಗೆ ನೀಲಿ ಅಥವಾ ಎರಡು ಬಣ್ಣದ ಕಣ್ಣು, ಕಿವುಡುತನಗಳಿದ್ದರೆ ಅದು ಡಚ್ ನೇತ್ರವೈದ್ಯ ವಾರ್ಡನ್‌ಬರ್ಗ್ 1951ರಲ್ಲಿ ವಿವರಿಸಿದ ಲಕ್ಷಣಕೂಟ. ಒಳಗಿವಿಯಲ್ಲಿಯೂ ವರ್ಣಕೋಶಗಳಿವೆಯೆಂದು ಮೇಲೆ ಹೇಳಿದ್ದರ ಅರ್ಥ ಇಲ್ಲಿ ತಿಳಿಯುತ್ತದೆ. ಬೆಳ್ಳಿಯ ಹೊಳಪಿನ ಕೂದಲಿರುವ ಮಗುವಿಗೆ ಮೇಲಿಂದ ಮೇಲೆ ಸೋಂಕು ತಗಲುತ್ತಿದ್ದರೆ ಅದು ಅಪರೂಪದ, ಪ್ರಾಣಾಪಾಯದ ರೋಗವಿರಬಹುದು; ತಡಮಾಡಬಾರದು. ಬಾಲನೆರೆಯು ಬಹುತೇಕ ಮನೆತನದ ಗುಣ. ಕೆಲವರಲ್ಲಿ ಮಾತ್ರ ಬಿ-12 ಜೀವಸತ್ವದ ಕೊರತೆ ಅಥವಾ ಥೈರಾಯಿಡ್ ದೋಷದೊಡನೆ ಅದರ ಸಂಬಂಧ ಕಂಡುಬಂದಿದೆ. ಲಿಂಗಾಯತ ಮತ್ತು ಜೈನ ಸಸ್ಯಾಹಾರಿ ಮನೆಗಳು ಹೆಚ್ಚಾಗಿರುವ ಈ ಭಾಗದಲ್ಲಿ ಬಿ-12 ಪರೀಕ್ಷೆಗೆ ಅರ್ಥವಿದೆ.

ಚಿಕಿತ್ಸೆಯ ಇತಿಹಾಸದಲ್ಲಿ ಬಾವಂಚಿಗೆ ವಿಶೇಷ ಸ್ಥಾನ. ಅದರ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವ ಕ್ರಮ ಬಹು ಹಳೆಯದು. ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ, ಎಸ್. ವೆಂಕಟರಾವ್ ಎಂಬ ರಸಾಯನಶಾಸ್ತ್ರಜ್ಞರು 1933ರಲ್ಲಿ ಈ ಬೀಜಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಸೊರಾಲೆನ್ ಎಂಬ ಸಕ್ರಿಯ ವಸ್ತು ಅದರಿಂದ ಬೆಳಕಿಗೆ ಬಂದಿತು. 1940ರ ದಶಕದಲ್ಲಿ ಈಜಿಪ್ತಿನ ಎಲ್ ಮೊಫ್ಟಿ ನೈಲ್ ನದಿಯ ದಂಡೆಯ ಬೇರೊಂದು ಗಿಡದಲ್ಲಿದ್ದ ಇದೇ ಬಳಗದ ವಸ್ತುವಿನಿಂದ ತೊನ್ನಿಗೆ ಚಿಕಿತ್ಸೆ ನೀಡಿದನು. ಸೊರಾಲೆನ್ ಚರ್ಮವನ್ನು ನೇರಳಾತೀತ ಕಿರಣಕ್ಕೆ ಸೂಕ್ಷ್ಮಗೊಳಿಸುತ್ತದೆ. ಅಳತೆ ತಪ್ಪಿದರೆ ಬೊಕ್ಕೆಯೇಳುವುದು ನಿಶ್ಚಿತ. ಅಂಗಡಿಯಿಂದ ತಂದ ಬಾವಂಚಿ ಪುಡಿಯನ್ನು ಹಚ್ಚಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಕುಳಿತವರ ಸುಟ್ಟಗಾಯಗಳಲ್ಲಿ ಹೊಸ ತೊನ್ನು ಮೂಡುವುದೂ ಉಂಟು. 1997ರಿಂದ ಈಚೆಗೆ 311 ನ್ಯಾನೊಮೀಟರ್ ತರಂಗದ ಕಿರುಪಟ್ಟಿಯ ನೇರಳಾತೀತ ಕಿರಣವು, ಯಾವ ಔಷಧವನ್ನೂ ನುಂಗಿಸದೆ, ಈ ಸ್ಥಾನವನ್ನು ಬಹುಮಟ್ಟಿಗೆ ತೆಗೆದುಕೊಂಡಿದೆ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕಾದ ಈ ಚಿಕಿತ್ಸೆಗೆ ಹಳ್ಳಿಯಿಂದ ಬೆಳಗಾವಿಗೋ ಮೀರಜಕ್ಕೋ ಓಡಾಡುವುದು ಕೂಲಿಯವರಿಗೆ ಸಾಧ್ಯವಾಗದೆ ಅರ್ಧಕ್ಕೆ ಬಿಡುವುದೇ ಹೆಚ್ಚು. ಕಲೆ ಒಂದು ವರ್ಷದಿಂದ ಹರಡದೆ ನಿಂತಿದ್ದರೆ ಚರ್ಮದ ಕಸಿಗೆ ಅವಕಾಶವಿದೆ; ದೆಹಲಿಯ ಪಿ.ಎನ್. ಬೆಹ್ಲ್ 1964ರಲ್ಲಿಯೇ ತೆಳು ಕಸಿಯ ಫಲಿತಾಂಶ ಪ್ರಕಟಿಸಿದ್ದರು. ತುಟಿ, ಬೆರಳುಗಳ ಬಿಳುಪಿಗೆ ಮುಖ್ಯ ದಾರಿ ಇದೇ. ನಿರೋಧಕ ವ್ಯವಸ್ಥೆಯ ಸಂದೇಶವನ್ನು ತಡೆಯುವ ರುಕ್ಸೋಲಿಟಿನಿಬ್ ಮುಲಾಮಿಗೆ ಅಮೆರಿಕದಲ್ಲಿ 2022ರ ಜುಲೈನಲ್ಲಿ ಒಪ್ಪಿಗೆ ದೊರೆಯಿತು. ಕಳೆದ ಬಣ್ಣವನ್ನು ಮರಳಿಸಲೆಂದು ಅಲ್ಲಿ ಅಂಗೀಕೃತವಾದ ಮೊದಲ ಔಷಧವದು. ಖಚಿತವಾಗಿ ಗುಣಪಡಿಸುವೆವೆಂದು ಗೋಡೆಗಳ ಮೇಲೆ ಬರೆಸುವವರ ಪುಡಿಗಳ ಬಗ್ಗೆ ಇಲ್ಲಿ ಹೇಳಬೇಕಾದುದಿಲ್ಲ.

ಗಡಿಯಾಚೆಯ ಪುಣೆಯಲ್ಲಿ ಡಾ. ಮಾಯಾ ತುಳಪುಳೆಯವರ ಶ್ವೇತಾ ಅಸೋಸಿಯೇಶನ್ ತೊನ್ನಿರುವವರ ವಧೂವರ ಮೇಳಗಳನ್ನೂ ಆಪ್ತಸಭೆಗಳನ್ನೂ ನಡೆಸಿಕೊಂಡು ಬಂದಿದೆ. ಸುಮಿತ್ರಾ ಭಾವೆ ಮತ್ತು ಸುನೀಲ ಸುಕಥನಕರ ನಿರ್ದೇಶಿಸಿದ ‘ನಿತಳ’ ಎಂಬ 2006ರ ಮರಾಠಿ ಚಿತ್ರ ತೊನ್ನಿರುವ ಯುವತಿಯೊಬ್ಬಳ ಮದುವೆಯ ಪ್ರಶ್ನೆಯನ್ನೇ ಎತ್ತಿಕೊಂಡಿತು. ಕಾನೂನಿನ ಮಾತಾದರೆ, 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮು ಉಗ್ರವೂ ಗುಣವಾಗದ್ದೂ ಆದ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಎಣಿಸಿತ್ತು. ಔಷಧದಿಂದ ಗುಣವಾಗುವ ರೋಗಕ್ಕೆ ಅದು ಸಲ್ಲದೆಂದು 2019ರ ತಿದ್ದುಪಡಿ ಕಾಯ್ದೆಯು ಆ ಉಪಕಲಮನ್ನು ತೆಗೆದುಹಾಕಿತು. ತೊನ್ನು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಆದರೂ ತೊನ್ನಿನ ಹೆಂಡತಿಯನ್ನು ತವರಿಗೆ ಕಳಿಸಿದವರು ಕುಷ್ಠದ ಆ ಕಲಮನ್ನೇ ಬಾಯಲ್ಲಿ ಹಿಡಿದಿದ್ದುದುಂಟು. ಶ್ವೇತಕುಷ್ಠವೂ ಕುಷ್ಠವೇ ಅಲ್ಲವೇ ಎಂಬುದು ಅವರ ವಾದವಾಗಿತ್ತು.